ಖಾತೆ ಅಮ್ಮನ ಹೆಸರಿಗೆ ಬರುವ ತನಕ

ಅಪ್ಪ ತೀರಿಕೊಂಡು ವರ್ಷ ದಾಟಿದ ಮೇಲೂ ಊರಿನ ಮನೆಯ ಖಾತೆ ಅವರ ಹೆಸರಿನಲ್ಲೇ ಇತ್ತು. ಆ ಮನೆಯಲ್ಲಿ ಈಗ ಅಮ್ಮ ಒಬ್ಬಳೇ ಇದ್ದಾಳೆ. ಅವಳಿಗೆ ಮಂಡಿನೋವು. ಬಚ್ಚಲು ಇರುವುದು ಹಿತ್ತಲಲ್ಲಿ, ಅಲ್ಲಿಗೆ ಹೋಗಲು ಮೆಟ್ಟಿಲು ಇಳಿಯಬೇಕು, ಮಳೆಗಾಲದಲ್ಲಿ ಆ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಮಲಗುವ ಕೋಣೆಗೆ ಹೊಂದಿಕೊಂಡೇ ಒಂದು ಬಚ್ಚಲು, ಶೌಚಾಲಯ ಕಟ್ಟಿಸೋಣ ಎಂದು 2025ರ ಆರಂಭದಲ್ಲಿ ತೀರ್ಮಾನಿಸಿದೆವು. ಹೊರಗೋಡೆ ಮುಂದಕ್ಕೆ ಬರುವುದರಿಂದ ಕಟ್ಟಡ ಪರವಾನಗಿ ಬೇಕು ಎಂದರು ಇಂಜಿನಿಯರ್. ಪರವಾನಗಿಗೆ ಇ-ಖಾತಾ ಬೇಕು. ಇ-ಖಾತಾ ಅಮ್ಮನ ಹೆಸರಿಗೆ ಬರಬೇಕಾದರೆ ಕಂದಾಯ ಬಾಕಿ ಇರಬಾರದು. ಎಲ್ಲವನ್ನೂ ಆನ್‌ಲೈನ್‌ನಲ್ಲೇ ಮಾಡಿಕೊಳ್ಳಬಹುದು, ಕಚೇರಿಗೆ ಅಲೆಯುವ ಅಗತ್ಯವಿಲ್ಲ ಎಂದು ನಮ್ಮ ನಗರಸಭೆಯ ಹೊರಗಿನ ಫಲಕದಲ್ಲಿ ಬರೆದಿತ್ತು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ಆ ಮಾತನ್ನು ನಂಬಿಯೇ ಶುರುಮಾಡಿದೆ.

ಏಪ್ರಿಲ್‌ನಲ್ಲಿ ವರ್ಷದ ಕಂದಾಯ ಪೂರ್ತಿ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಇದೆ. ಅಪ್ಪ ಇದ್ದಷ್ಟು ದಿನ ಅದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ನಾನೂ ಏಪ್ರಿಲ್‌ನಲ್ಲೇ ಕುಳಿತೆ. ಕಂದಾಯ, ಅದರ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಲ್ಲ ಸೇರಿ ಚಲನ್ ಬಂತು. ಹಣ ಕಟ್ಟಿದೆ. ಬ್ಯಾಂಕಿನಿಂದ ಹಣ ಹೋಯಿತು ಎಂಬ ಮೆಸೇಜು ಬಂತು, ಪರದೆಯ ಮೇಲೆ ಮಾತ್ರ ‘ಪಾವತಿ ವಿಫಲ’ ಎಂದಿತ್ತು. ರಸೀದಿ ಬರಲಿಲ್ಲ. ಹಣ ನಗರಸಭೆಯ ಖಾತೆಗೆ ಜಮೆಯಾಗಿದೆ ಎಂದು ಬ್ಯಾಂಕಿನವರು ವ್ಯವಹಾರದ ಸಂಖ್ಯೆ ಸಮೇತ ಬರೆದುಕೊಟ್ಟರು. ಆ ಕಾಗದ ಹಿಡಿದು ಕಂದಾಯ ವಿಭಾಗಕ್ಕೆ ಹೋದರೆ, ‘ನಮ್ಮ ಲಾಗಿನ್‌ನಲ್ಲಿ ತೋರಿಸ್ತಿಲ್ಲಮ್ಮ, ಇನ್ನೊಂದು ಸಲ ಕಟ್ಟಿಬಿಡಿ, ಆಮೇಲೆ ನೋಡೋಣ’ ಎಂದರು. ತಿಂಗಳು ಮುಗಿಯುತ್ತಿತ್ತು. ಬಾಕಿ ಎಂದು ತೋರಿಸಿದರೆ ಖಾತೆಯ ಅರ್ಜಿ ಮುಂದೆ ಹೋಗುವುದಿಲ್ಲ. ಇನ್ನೊಂದು ಸಲ ಕಟ್ಟಿದೆ.

ಅಂದು ಕೌಂಟರಿನಲ್ಲಿ ನನ್ನ ಮುಂದೆ ಒಬ್ಬರು ಅಜ್ಜ ನಿಂತಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಕಂದಾಯದ ರಸೀದಿಗಳ ಕಟ್ಟು, ಒಂದೊಂದರ ಮೇಲೂ ಬಿಲ್ ಕಲೆಕ್ಟರರ ಕೈಬರಹ, ಮಾಸಿದ ನೇರಳೆ ಮೊಹರು. ಮಡಿಕೆಯ ಜಾಗದಲ್ಲಿ ಹರಿದವಕ್ಕೆ ಹಿಂದಿನಿಂದ ಅಂಟುಪಟ್ಟಿ ಹಚ್ಚಿದ್ದರು. ಕಂಪ್ಯೂಟರು ಅವರ ಮನೆಗೆ ಹತ್ತಾರು ವರ್ಷದ ಬಾಕಿ, ಅದರ ಮೇಲೆ ಬಡ್ಡಿ ತೋರಿಸುತ್ತಿತ್ತು. ಕೈಯಲ್ಲಿದ್ದ ರಸೀದಿಗಳನ್ನು ವರ್ಷವಾರು ಜೋಡಿಸಿ ಮೇಜಿನ ಮೇಲೆ ಹರಡಿದರು. ಆಪರೇಟರ್ ಆಗಿದ್ದ ಹುಡುಗ ಅವನ್ನು ನೋಡಿದ. ಅವನಿಗೂ ಪಾಪ ಅನ್ನಿಸಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ‘ಅಜ್ಜಾ, ಇವನ್ನೆಲ್ಲ ನಾನು ಏರಿಸೋಕೆ ಬರಲ್ಲ. ಸಾಹೇಬರ ಲಾಗಿನ್‌ನಿಂದ ಆಗಬೇಕು’ ಎಂದ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಕಟ್ಟಿದವರು ಅಜ್ಜ, ಬರೆದುಕೊಳ್ಳಬೇಕಾದವರು ಕಚೇರಿಯವರು. ಬರೆದುಕೊಳ್ಳದೇ ಹೋದದ್ದಕ್ಕೆ ಸಾಕ್ಷಿ ಒದಗಿಸುವ ಹೊಣೆ ಮಾತ್ರ ಅಜ್ಜನ ಮೇಲೆ. ಇದು ಅನ್ಯಾಯ ಎಂದು ಅಲ್ಲೇ ಹೇಳಿದೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಖಾತೆಯ ಅರ್ಜಿಗೆ ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಋಣಭಾರ ಪತ್ರ, ಕ್ರಯಪತ್ರ, ಕರೆಂಟ್ ಬಿಲ್, ಮನೆಯ ಫೋಟೊ ಬೇಕಿತ್ತು. ಇವನ್ನು ಹೊಂದಿಸಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. ತಡೆದದ್ದು ಒಟಿಪಿ. ಅಮ್ಮನ ಆಧಾರ್‌ಗೆ ಜೋಡಿಸಿದ್ದು ಅಪ್ಪನ ಮೊಬೈಲ್ ನಂಬರು. ಮನೆಗೆಲ್ಲ ಒಂದೇ ಫೋನು ಇದ್ದ ಕಾಲದಲ್ಲಿ ಹಾಗೇ ಮಾಡಿಸುತ್ತಿದ್ದರು. ಅವರು ಹೋದ ಮೇಲೆ ರೀಚಾರ್ಜ್ ಇಲ್ಲದೆ ಆ ನಂಬರು ನಿಂತುಹೋಗಿತ್ತು. ಅರ್ಜಿ ತುಂಬಿಸಿ ಗುಂಡಿ ಒತ್ತಿದಾಗಲೆಲ್ಲ ಆ ನಂಬರಿನ ಕೊನೆಯ ನಾಲ್ಕು ಅಂಕಿ ಪರದೆಯ ಮೇಲೆ ಕಾಣಿಸುತ್ತಿತ್ತು, ಇದಕ್ಕೆ ಒಟಿಪಿ ಕಳಿಸಿದ್ದೇವೆ ಎಂದು. ಪಕ್ಕದಲ್ಲಿ ಕೂತಿದ್ದ ಅಮ್ಮ ಅದನ್ನು ಓದಿ ಎದ್ದು ಒಳಗೆ ಹೋದಳು.

ಹೊಸ ನಂಬರು ಜೋಡಿಸಲು ಆಧಾರ್ ಕೇಂದ್ರಕ್ಕೆ ಅವಳನ್ನೇ ಕರೆದುಕೊಂಡು ಹೋಗಬೇಕು, ಬೆರಳಚ್ಚು ಕೊಡಬೇಕು. ಅಮ್ಮ ಹೊಲಿಗೆ ಹಾಕಿಯೇ ನಮ್ಮನ್ನು ಓದಿಸಿದವಳು. ಅವಳ ಬೆರಳಿನ ಗೆರೆಗಳು ಸವೆದಿವೆ. ಯಂತ್ರ ತೆಗೆದುಕೊಳ್ಳಲಿಲ್ಲ. ಕೇಂದ್ರದ ಹುಡುಗಿ ಒದ್ದೆ ಬಟ್ಟೆಯಿಂದ ಅಮ್ಮನ ಬೆರಳು ಒರೆಸಿದಳು, ತನ್ನ ಬೆರಳನ್ನು ಮೇಲಿಟ್ಟು ಒತ್ತಿ ಹಿಡಿದಳು, ಹೆಬ್ಬೆರಳಾಯಿತು, ತೋರುಬೆರಳಾಯಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ‘ನಾನು ಬದುಕಿಲ್ಲ ಅಂತಿದೆಯೇನಮ್ಮ ಇದು?’ ಎಂದು ಅಮ್ಮ ಕೇಳಿದಳು. ಆ ಹುಡುಗಿ ಸಿಡುಕಲಿಲ್ಲ. ‘ಇಲ್ಲಮ್ಮ, ನಿಮ್ಮ ಕೈ ಜಾಸ್ತಿ ಕೆಲಸ ಮಾಡಿದೆ, ಅಷ್ಟೇ’ ಎಂದಳು. ಎಡಗೈಯ ಉಂಗುರ ಬೆರಳು ಕೊನೆಗೆ ಹಿಡಿಯಿತು. ಕೆಲವು ದಿನದ ಮೇಲೆ ನಂಬರು ಬದಲಾಯಿತು, ಅರ್ಜಿ ಹೋಯಿತು.

ಅರ್ಜಿಗೆ 15 ಅಂಕಿಯ ಸಕಾಲ ಸಂಖ್ಯೆ ಬಂದಾಗ ಧೈರ್ಯ ಬಂತು. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತುಮಾಡಿದ ಅವಧಿಯೊಳಗೆ ಸೇವೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಒಳ್ಳೆಯ ಕಾಯ್ದೆ, ಅದರಿಂದ ಕೆಲಸವಾದವರನ್ನು ನಾನು ಬಲ್ಲೆ. ಆದರೆ ಅವಧಿ ಮುಗಿಯುವ ಹೊತ್ತಿಗೆ ನಮ್ಮ ಅರ್ಜಿ ತಿರಸ್ಕೃತವಾಯಿತು. ಕಾರಣದ ಜಾಗದಲ್ಲಿ ‘ದಾಖಲೆ ತಾಳೆಯಾಗುತ್ತಿಲ್ಲ’ ಎಂದಷ್ಟೇ ಇತ್ತು. ಯಾವ ದಾಖಲೆ, ಯಾವುದರ ಜೊತೆ ಎಂದಿಲ್ಲ. ತಿರಸ್ಕರಿಸಿದರೂ ಅರ್ಜಿ ವಿಲೇವಾರಿ ಆದಂತೆ. ಮತ್ತೆ ಹಾಕಿದರೆ ಹೊಸ ಸಂಖ್ಯೆ, ಹೊಸ ದಿನಗಳ ಲೆಕ್ಕ. ಮತ್ತೆ ಹಾಕಿದೆ. ಅದೇ ಕಾರಣಕ್ಕೆ ಮತ್ತೆ ಹಿಂದೆ ಬಂತು.

ರಜೆ ಹಾಕಿ ಊರಿಗೆ ಹೋದೆ. ಕಚೇರಿಯ ಹೊರಗೆ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬಾತ ತಾನಾಗಿಯೇ ಬಂದು, ಇಷ್ಟು ಕೊಟ್ಟರೆ ವಾರದಲ್ಲಿ ಮಾಡಿಸಿಕೊಡುತ್ತೇನೆ ಎಂದ. ಅಮ್ಮನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು ಕೇಳಿದ. ಬೇಡ ಎಂದು ಅಮ್ಮನೇ ಹೇಳಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ, ಮನೆ ಮಾರುವವರು, ಮಗಳಿಗೆ ದಾನಪತ್ರ ಮಾಡುವವರು ಎಲ್ಲರೂ ಅದೇ ಮೇಜಿಗೆ ಬರುತ್ತಿದ್ದರು. ಮೇಜಿನ ಹಿಂದಿದ್ದ ಕೇಸ್ ವರ್ಕರ್ ಮೇಡಂ ಒಬ್ಬರೇ.

ನಮ್ಮ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಅವರು ಊಟಕ್ಕೂ ಏಳದೆ ಬೀರುವಿನಿಂದ ಹಳೇ ರಿಜಿಸ್ಟರ್ ತೆಗೆಸಿ ಪುಟ ಹುಡುಕಿದರು. ಚಕ್ಕುಬಂದಿಯ ಸಾಲಿನ ಮೇಲೆ ಬೆರಳಿಟ್ಟರು. ಪುಸ್ತಕದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದವರ ಮನೆ ಎಂದಿತ್ತು. ಪರದೆಯಲ್ಲಿ ಪೂರ್ವಕ್ಕೆ ಪಕ್ಕದವರ ಮನೆ, ಪಶ್ಚಿಮಕ್ಕೆ ರಸ್ತೆ. ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಯಾರೋ ಅದಲು ಬದಲು ಮಾಡಿದ್ದರು. ನಮ್ಮ ಕ್ರಯಪತ್ರ ಸರಿಯಿತ್ತು, ರಿಜಿಸ್ಟರ್ ಸರಿಯಿತ್ತು. ಇಷ್ಟು ತಿಂಗಳು ತಿರಸ್ಕಾರವಾದದ್ದು ಕಚೇರಿಯವರೇ ತಪ್ಪಾಗಿ ಏರಿಸಿದ ಒಂದು ಸಾಲಿಗಾಗಿ. ‘ತಿದ್ದುಪಡಿಗೆ ನೀವೇ ಅರ್ಜಿ ಕೊಡಬೇಕಮ್ಮ, ಶುಲ್ಕ ಇದೆ’ ಎಂದು ಅವರು ಸಂಕೋಚದಿಂದ ಹೇಳಿದರು. ಕಟ್ಟಿದೆವು. ಕಂದಾಯ ನಿರೀಕ್ಷಕರು ಮನೆಗೆ ಬಂದು ಫೋಟೊ ತೆಗೆದು ಹೋದರು. ಮಳೆಗಾಲ ಮುಗಿಯುತ್ತಾ ಬಂದಾಗ ಅಮ್ಮನ ಹೆಸರು, ಫೋಟೊ ಇರುವ ಇ-ಖಾತಾ, ಅಂದರೆ ನಮೂನೆ-3, ಕೈಗೆ ಬಂತು. ಆಮೇಲೆ ಇಂಜಿನಿಯರ್ ಹಾಕಿದ ಪರವಾನಗಿ ಅರ್ಜಿ ಯಾವ ತಕರಾರೂ ಇಲ್ಲದೆ ಆಯಿತು. ದಾಖಲೆ ಸರಿಯಿದ್ದವರಿಗೆ ಆನ್‌ಲೈನ್ ನಿಜವಾಗಿಯೂ ಸುಲಭ, ಅದನ್ನು ನಾನು ಒಪ್ಪುತ್ತೇನೆ.

ಆದರೆ ಆ ಮಳೆಗಾಲದಲ್ಲೇ ಅಮ್ಮ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ಹೊಲಿಗೆ ಮಿಷನ್ ಮುಂದೆ ಈಗ ಹೆಚ್ಚು ಹೊತ್ತು ಕೂರಲು ಅವಳಿಗೆ ಆಗುವುದಿಲ್ಲ.

ತಿರಸ್ಕರಿಸುವವರು ಯಾವ ಸಾಲು ತಾಳೆಯಾಗುತ್ತಿಲ್ಲ ಎಂದು ಬರೆದೇ ತಿರಸ್ಕರಿಸಬೇಕು, ಕಚೇರಿಯ ತಪ್ಪಿನ ತಿದ್ದುಪಡಿಗೆ ಶುಲ್ಕ ತೆಗೆದುಕೊಳ್ಳಬಾರದು ಎಂದು ಪೌರಾಯುಕ್ತರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಕೇಸ್ ವರ್ಕರ್ ಮೇಡಂ ಮೇಜಿಗೆ ಇನ್ನೊಬ್ಬರನ್ನು ಕೊಡಿ ಎಂದೂ ಅದರಲ್ಲಿ ಬರೆದಿದ್ದೇನೆ. ಎರಡು ಸಲ ಕಟ್ಟಿದ ಕಂದಾಯವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುವುದಾಗಿ ಕಂದಾಯ ವಿಭಾಗದವರು ಬಾಯಲ್ಲಿ ಹೇಳಿದ್ದಾರೆ. ಅದನ್ನು ಬರೆದುಕೊಡಿ ಎಂದು ಕೇಳುತ್ತಿದ್ದೇನೆ.