ಹಳೆಯ ಯುದ್ಧವಿಮಾನಗಳ ಮೋಹ

ವಯಸ್ಸಾದವರಿಗೆ ಹಿಡಿಯುವ ಹುಚ್ಚುಗಳಲ್ಲಿ ಹಳೆಯ ನಾಣ್ಯ, ಹಳೆಯ ತಾಳೆಗರಿ, ಹಳೆಯ ಗಡಿಯಾರ, ಇವುಗಳ ಹುಚ್ಚನ್ನು ಲೋಕವು ನಕ್ಕು ಕ್ಷಮಿಸಿಬಿಡುವುದು. ನನ್ನ ಹುಚ್ಚು ಆ ಜಾತಿಯದಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ವಿಮಾನವನ್ನು ನಡೆಸಿದವನಲ್ಲ, ಯುದ್ಧವನ್ನು ಕಂಡವನೂ ಅಲ್ಲ. ಆದರೂ ನನ್ನ ಓದುವ ಕೋಣೆಯ ಗೋಡೆಯ ಮೇಲೆ ದೇವರ ಪಟವೊಂದನ್ನು ಬಿಟ್ಟರೆ ಮಿಕ್ಕವೆಲ್ಲ ಯುದ್ಧವಿಮಾನಗಳ ಚಿತ್ರಗಳೇ. "ಕೊಲ್ಲುವ ಯಂತ್ರಗಳನ್ನು ಇಷ್ಟು ಅಕ್ಕರೆಯಿಂದ ತೂಗುಹಾಕಿದ್ದೀರಲ್ಲ, ನಿಮಗೆ ನಿದ್ದೆ ಹೇಗೆ ಬರುತ್ತದೆ?" ಎಂದು ನಮ್ಮ ಮನೆಯಾಕೆ ಹಲವು ಸಲ ಕೇಳಿದ್ದುಂಟು. ಅದಕ್ಕೆ ತಕ್ಕ ಉತ್ತರ ನನಗೆ ಇದುವರೆಗೂ ಹೊಳೆದಿಲ್ಲ.

ಹುಚ್ಚು ಹಿಡಿಸಿದ್ದು ಸ್ಪಿಟ್‌ಫೈರು. ಶಾಲೆಯ ಪುಸ್ತಕಭಂಡಾರದ ಒಂದು ಹರಕು ಪುಸ್ತಕದಲ್ಲಿ ಅದರ ಚಿತ್ರವನ್ನು ಕಂಡೆ. ಆ ರೆಕ್ಕೆಯ ಅಂಚು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ಹೇಳುವಂತಿರಲಿಲ್ಲ; ಅಡಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ ಹದವಾಗಿ ಬಾಗಿಸಿದಂತಿತ್ತು. ಅದು ದೀರ್ಘವೃತ್ತವೆಂಬುದು ಮುಂದೆ ಗಣಿತ ಕಲಿತಾಗ ತಿಳಿಯಿತು. ರೆಜಿನಾಲ್ಡ್ ಮಿಚೆಲ್ ಎಂಬವರು ಅದರ ಕರ್ತೃ. 1936ರ ಮಾರ್ಚ್ 5ರಂದು ಅದು ಮೊದಲು ಹಾರಿತು. ಮರುವರ್ಷವೇ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತಾವು ರೂಪಿಸಿದ್ದು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತಯಾರಾಗುವುದೆಂಬುದನ್ನು ಅವರು ಕಾಣಲಿಲ್ಲ. ಕನ್ನಡಿಗರಿಗೆ ಈ ವಿಮಾನದೊಡನೆ ಒಂದು ನಂಟೂ ಉಂಟು. ಮೈಸೂರು ಸಂಸ್ಥಾನದ ಧನಸಹಾಯದ ನೆನಪಿಗಾಗಿ ಬ್ರಿಟಿಷ್ ವಿಮಾನದಳದ 129ನೆಯ ತುಕಡಿಗೆ ಮೈಸೂರಿನ ಹೆಸರನ್ನಿಟ್ಟರು. 1941ರಲ್ಲಿ ಅದು ಸ್ಪಿಟ್‌ಫೈರುಗಳನ್ನು ಪಡೆಯಿತು. ಅದರ ಲಾಂಛನ ನಮ್ಮ ಗಂಡಭೇರುಂಡ. ಎರಡು ತಲೆಯ ಹಕ್ಕಿ ಇಂಗ್ಲೆಂಡಿನ ಮೋಡಗಳ ನಡುವೆ ಹಾರಿತೆಂದು ಓದಿದ ದಿನ ನಾನು ಊಟ ಮರೆತಿದ್ದೆ.

ಮೋಹಿಸುವವರು ಕೇವಲ ಅಂದವನ್ನು ಮೋಹಿಸುತ್ತಾರೆಂದು ತಿಳಿಯಬಾರದು. ಅಂದಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಡಿದಿಡುವುದು ಕುಂದು. ಸ್ಪಿಟ್‌ಫೈರಿನ ಮರ್ಲಿನ್ ಇಂಜಿನಿಗೆ ಒಂದು ವಿಚಿತ್ರ ಚಾಳಿಯಿತ್ತು. ಮೂಗನ್ನು ಥಟ್ಟನೆ ಕೆಳಕ್ಕೆ ಬಾಗಿಸಿದರೆ ಕಾರ್ಬ್ಯುರೇಟರಿನಲ್ಲಿ ಇಂಧನದ ಹದ ಕೆಟ್ಟು ಇಂಜಿನು ಕ್ಷಣಕಾಲ ಉಸಿರುಕಟ್ಟುತ್ತಿತ್ತು. ಜರ್ಮನರ ಮೆಸರ್‌ಷ್ಮಿಟ್ಟಿಗೆ ಈ ತೊಂದರೆಯಿರಲಿಲ್ಲ. ಅದು ಸುಮ್ಮನೆ ಕೆಳಕ್ಕೆ ಧುಮುಕಿ ಪಾರಾಗುತ್ತಿತ್ತು. ಕೊನೆಗೆ 1941ರಲ್ಲಿ ಇದಕ್ಕೆ ತತ್ಕಾಲದ ಮದ್ದನ್ನು ಕಂಡುಹಿಡಿದವರು ಫಾರ್ನ್‌ಬರೋದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳೆ. ಮದ್ದೆಂದರೆ ತೂತುಳ್ಳ ಒಂದು ಸಣ್ಣ ಲೋಹದ ಬಿಲ್ಲೆ, ಅಷ್ಟೆ! ಆಕೆ ಮೋಟಾರು ಸೈಕಲ್ಲಿನ ಪಂದ್ಯಗಳಲ್ಲಿ ಗಂಡಸರನ್ನು ಹಿಂದೆ ಹಾಕುತ್ತಿದ್ದವರು. ಇಂದಿನ ವಿಮಾನಗಳ ಕುಂದುಗಳು ಗಣಕಯಂತ್ರದ ಒಳಗೆ ಅಡಗಿರುತ್ತವೆ. ಅವನ್ನು ನಮ್ಮಂಥವರು ಅರಿಯುವಂತಿಲ್ಲ, ಆದುದರಿಂದ ಪ್ರೀತಿಸುವಂತೆಯೂ ಇಲ್ಲ. ಹಳೆಯ ವಿಮಾನದ ಕಾಯಿಲೆಯನ್ನಾದರೋ ಮನೆಯ ಮುದುಕರ ಕಾಯಿಲೆಯಂತೆ ಹೆಸರು ಹಿಡಿದು ಹೇಳಬಹುದು.

ಇಷ್ಟನ್ನು ಬಲ್ಲ ನಾನು ಒಂದು ವಿಮಾನದ ವಿಷಯದಲ್ಲಿ ಮಾತ್ರ ಬಹುಕಾಲ ಅನ್ಯಾಯವಾಗಿ ನಡೆದುಕೊಂಡೆ.

ನನ್ನ ಅಣ್ಣ ನನಗಿಂತ ಎಂಟು ವರ್ಷ ಹಿರಿಯ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅವನು ತಗಡಿಗೆ ರಿವೆಟು ಹೊಡೆಯುವ ಕೆಲಸದಲ್ಲಿದ್ದ. ಆಗ ಅಲ್ಲಿ 'ಮರುತ' ತಯಾರಾಗುತ್ತಿತ್ತು. ಜರ್ಮನಿಯ ಫೋಕೆ ವುಲ್ಫ್ 190ನ್ನು ರೂಪಿಸಿ ಹೆಸರಾಗಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಇಂಜಿನಿಯರುಗಳನ್ನು ಕಲೆಹಾಕಿಕೊಂಡು ತೊಡಗಿದ ಕೆಲಸವದು. ಮೊದಲು ಅದೇ ಅಳತೆಯ, ಇಂಜಿನಿಲ್ಲದ ಮರದ ವಿಮಾನವೊಂದನ್ನು ಕಟ್ಟಿ 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ನಿಜವಾದ ಮರುತ ನೆಲ ಬಿಟ್ಟಿತು. ನಡೆಸಿದವರು ಸುರಂಜನ ದಾಸರು. ಅಣ್ಣ ಆ ರಾತ್ರಿ ಬರೆದ ಕಾಗದ ನನ್ನಲ್ಲಿ ಇನ್ನೂ ಇದೆ. ಕಾಗದದ ತುಂಬ ಅಮ್ಮನ ಮಂಡಿನೋವಿನ ವಿಚಾರಣೆ. ಕೊನೆಗೆ, 'ಇಂದು ಅದು ಹಾರಿತು' ಎಂಬ ಒಂದೇ ವಾಕ್ಯ.

ಮರುತನ ಸಂಕಟ ಇಂಜಿನಿನದು. ಶಬ್ದದ ಎರಡರಷ್ಟು ವೇಗಕ್ಕೆಂದು ಅದರ ಮೈಯನ್ನು ತೀಡಿದ್ದರು. ಅದಕ್ಕೆ ಬೇಕಾದ ಇಂಜಿನು ಇಂಗ್ಲೆಂಡಿನಿಂದ ಬರಬೇಕಾಗಿತ್ತು. ಅಲ್ಲಿ ಆ ಇಂಜಿನಿನ ಕೆಲಸವನ್ನು ಕೈಬಿಟ್ಟರು. ಮುಂದುವರಿಸುವ ಖರ್ಚನ್ನು ಹೊರಲು ನಮ್ಮವರೂ ಮುಂದಾಗಲಿಲ್ಲ. ಬೇರೆ ದಾರಿಯಿಲ್ಲದೆ ಪುಟ್ಟ ನ್ಯಾಟ್ ವಿಮಾನದ ಆರ್ಫಿಯಸ್ ಇಂಜಿನನ್ನೇ ಎರಡು ಜೋಡಿಸಿದರು. ಕುದುರೆಯ ಸಾರೋಟಿಗೆ ಎರಡು ಕರುಗಳನ್ನು ಹೂಡಿದಂತಾಯಿತು. ಸಮತಲದಲ್ಲಿ ಹಾರುವಾಗ ಅದು ಶಬ್ದದ ವೇಗದ ಹೊಸಿಲನ್ನು ಮುಟ್ಟುವುದರೊಳಗೇ ದಣಿಯುತ್ತಿತ್ತು. ಬಾಲದ ಕಡೆ ಇನ್ನೊಮ್ಮೆ ಇಂಧನ ಉರಿಸಿ ಬಲ ಹೆಚ್ಚಿಸುವ ಪ್ರಯೋಗವೂ ನಡೆಯಿತು. ಅಂಥ ವಿಮಾನವನ್ನು ಪರೀಕ್ಷಿಸುತ್ತಿದ್ದಾಗಲೇ 1970ರ ಜನವರಿಯಲ್ಲಿ ದಾಸರು ಪ್ರಾಣ ಕಳೆದುಕೊಂಡರು. ಅಣ್ಣ ಮೂರು ದಿನ ರಜೆ ಹಾಕಿ ಊರಿಗೆ ಬಂದು, ಯಾರೊಡನೆಯೂ ಮಾತನಾಡದೆ, ಹಿತ್ತಲಿನ ಬೇಲಿಯನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿ ಹೋದ.

ಒಟ್ಟು 147 ಮರುತಗಳು ತಯಾರಾದವು. 1990ರ ಹೊತ್ತಿಗೆ ಅವೆಲ್ಲ ಸೇವೆಯಿಂದ ಹಿಂದೆಗೆದವು. ಆ ವರ್ಷ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ನಾನು, ಓದಿದವನ ಸೊಕ್ಕಿನಿಂದ, "ಅಂತೂ ನಿನ್ನ ಸೋತ ವಿಮಾನಕ್ಕೆ ಪಿಂಚಣಿಯಾಯಿತು, ಅಣ್ಣ" ಎಂದೆ. ಮಕ್ಕಳು ನಕ್ಕರು. ಅಣ್ಣ ಎಲೆಯ ಮುಂದೆ ಕುಳಿತಿದ್ದವನು ತಲೆ ಎತ್ತದೆ, "ಅದರ ಹೊಟ್ಟೆಯೊಳಗೆ ಕೈ ಹಾಕಿ ನೋಡಿದ್ದೀಯೇನೋ ನೀನು?" ಎಂದು ಕೇಳಿದ. ಆಮೇಲೆ ಪಾಯಸ ಬಡಿಸಿಸಿಕೊಳ್ಳಲಿಲ್ಲ. ಆ ಮಾತನ್ನು ಅವನೂ ನಾನೂ ಮತ್ತೆ ಎತ್ತಲಿಲ್ಲ.

1971ರ ಯುದ್ಧದಲ್ಲಿ ಮರುತ ನಡೆದುಕೊಂಡ ರೀತಿಯನ್ನು ನಾನು ಓದಿದ್ದು ಇದಾದ ಬಹುಕಾಲದ ಮೇಲೆ. ರಾಜಸ್ಥಾನದ ಮರಳುಗಾಡಿನ ಮೇಲೆ ತೀರ ಕೆಳಗೆ ಹಾರಿ ನೆಲದ ಗುರಿಗಳನ್ನು ಹೊಡೆಯುವುದು ಅದರ ಪಾಲಿಗೆ ಬಂದ ಕೆಲಸ. ಆ ಎತ್ತರದಲ್ಲಿ ಅದು ಬಂಡೆಯಂತೆ ಅಲುಗದೆ ಹಾರುತ್ತಿತ್ತು. ನೆಲದ ಗುಂಡಿಗೆ ಸಿಕ್ಕಿ ಕೆಲವು ಉರುಳಿದುವು ನಿಜ. ಶತ್ರುವಿಮಾನದೊಡನೆ ಹೋರಾಡಿ ಬಿದ್ದುದು ಒಂದೂ ಇಲ್ಲ. ಏಟು ತಿಂದು ಒಂದು ಇಂಜಿನು ಕೆಟ್ಟಾಗ ಇನ್ನೊಂದರ ಬಲದಿಂದಲೇ ಮನೆಗೆ ಮರಳಿದವೂ ಉಂಟು. ಕರುಗಳೆಂದೆನಲ್ಲ, ಎರಡಿದ್ದುದರಿಂದಲೇ ಅಲ್ಲವೆ ಒಂದು ಉಳಿದದ್ದು! ಓದುತ್ತ ಓದುತ್ತ ನಾನು ಯೋಚಿಸಿದ್ದು ಯುದ್ಧವನ್ನಲ್ಲ, ತಗಡು ಬಿರಿಯದಂತೆ ಹೊಡೆದಿದ್ದ ರಿವೆಟುಗಳನ್ನು.

ನಮ್ಮ ಹೊಲಗಳ ಬದುವಿನಲ್ಲಿ ವೀರಗಲ್ಲುಗಳು ನಿಂತಿರುವುದಷ್ಟೆ. ತುರುಗೊಳಿನಲ್ಲಿ ಸತ್ತವನು ಎಷ್ಟು ಮಂದಿಯನ್ನು ಕೊಂದಿದ್ದನೋ, ಆ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ದನ ಮೇಯಿಸುವ ಹುಡುಗನೂ ಅದಕ್ಕೊಂದು ಹೂವಿಟ್ಟು ಮುಂದೆ ಹೋಗುತ್ತಾನೆ. ಇದನ್ನೇ ಮನೆಯಾಕೆಗೆ ಉತ್ತರವಾಗಿ ಹೇಳಿ ನೋಡಿದೆ. "ಕಲ್ಲಿಗೆ ಪೆಟ್ರೋಲು ಹಾಕಿ ಹಾರಿಸುವುದಿಲ್ಲವಲ್ಲ" ಎಂದಳು. ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರುಗಳನ್ನು ಇಂದಿಗೂ ಹಾರಿಸುತ್ತಾರೆ, ಆ ಮರ್ಲಿನ್ನಿನ ಸದ್ದಿಗಾಗಿ ಜನ ಬಯಲಿನಲ್ಲಿ ಕಾದಿರುತ್ತಾರೆ ಎಂಬುದನ್ನು ಆಕೆಗೆ ಹೇಳಿದವನು ನಾನೇ. ಮರುತ ಒಂದೂ ಹಾರುವುದಿಲ್ಲ. ಒಂದು ಜರ್ಮನಿಯ ವಸ್ತುಸಂಗ್ರಹಾಲಯದಲ್ಲಿದೆ, ಕೆಲವು ನಮ್ಮಲ್ಲಿವೆ.

ಅಣ್ಣ ಹೋದ ವರ್ಷ ಕಾರ್ತಿಕದಲ್ಲಿ ತೀರಿಕೊಂಡ. ವರ್ಷಾಬ್ದಿಕ ಮುಗಿದ ಮೇಲೆ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್. ಎ. ಎಲ್. ವಸ್ತುಸಂಗ್ರಹಾಲಯಕ್ಕೆ ಅವನ ಮಗನೊಡನೆ ಹೋದೆ. ಮರುತ ಅಲ್ಲಿ ನಿಂತಿತ್ತು. ಚಿತ್ರದಲ್ಲಿ ಕಂಡುದಕ್ಕಿಂತ ಉದ್ದ, ಮೂಗು ನೀಳ, ರೆಕ್ಕೆಗಳು ಹಿಂದಕ್ಕೆ ಬಾಗಿದ್ದುವು. ನಾನು ಬಗ್ಗಿ ಹೊಟ್ಟೆಯ ಕೆಳಗೆ ನೋಡಿದೆ. ರಿವೆಟುಗಳ ಸಾಲು ನೂಲು ಹಿಡಿದಂತೆ ಹೋಗಿತ್ತು. ಬಣ್ಣ ಮಾಸಿದ ಕಡೆ ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿತ್ತು. "ಇದರಲ್ಲಿ ಅಪ್ಪ ಹೊಡೆದದ್ದು ಯಾವುದಿರಬಹುದು, ಚಿಕ್ಕಪ್ಪ?" ಎಂದು ಹುಡುಗ ಕೇಳಿದ. ಅಷ್ಟರಲ್ಲಿ ಕಾವಲಿನವನು ಬಂದು, ಮುಟ್ಟಬಾರದೆಂದು ಹೇಳಿದ. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.