ಮೊದಲು ಬಿರಡೆ

ಹೊಳಲ್ಕೆರೆ. ಊರಿನ ಹೆಸರಲ್ಲೇ ಕೆರೆ ಇದೆ, ನನಗೆ ಮಾತ್ರ ಈಜು ಬರಲ್ಲ. ಅಂಥವನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಗೆಳೆಯನ ಹಾಯಿದೋಣಿಯೊಳಗೆ ಮಂಡಿಯೂರಿ ಕೂತಿದ್ದೆ. ವೇಗ ಅಳೆಯೋ ಸೆನ್ಸರ್‌ನ ಪುಟ್ಟ ಚಕ್ರಕ್ಕೆ ಪಾಚಿ ಕಟ್ಟಿ, ಮೀಟರ್ ಸೊನ್ನೆಯಲ್ಲೇ ನಿಂತಿತ್ತು. ದೋಣಿ ನೀರಲ್ಲಿರುವಾಗಲೇ ಅದನ್ನು ತಳದಿಂದ ಕೀಳಬೇಕು! ಲೆಕ್ಕ ಹಾಕಿದೆ: 2 ಇಂಚಿನ ತೂತು, ಅರ್ಧ ಮೀಟರ್ ಆಳ, ಸೆಕೆಂಡಿಗೆ ಸುಮಾರು 4 ಲೀಟರ್ ನೀರು. ಕೈ ನಡುಗಿತು.

ತೋಟದ ತೊಟ್ಟಿ ಹತ್ತಿರ ಅಜ್ಜ ಹೇಳ್ತಿದ್ದದ್ದು ನೆನಪಾಯ್ತು: “ಮೊದ್ಲು ಬಿರಡೆ ಕೈಯಾಗೆ ಇಟ್ಕಳ್ಳೋ, ಆಮೇಲೆ ಕೀಳು.”

ಎಡಗೈಲಿ ಡಮ್ಮಿ ಪ್ಲಗ್ ಹಿಡಿದು, ಬಲಗೈಲಿ ಸೆನ್ಸರ್ ಎಳೆದೆ. ನೀರು ಬುಗ್ಗೆಯಾಗಿ ಚಿಮ್ಮಿತು. ಮೂರೇ ಸೆಕೆಂಡು, ಪ್ಲಗ್ ಕೂತಿತು. ಒಳಬಂದದ್ದು ಒಂದು ಬಕೆಟ್ ನೀರು, ಅಷ್ಟೇ.

ಈಗಲೂ ಪ್ರೊಡಕ್ಷನ್ ಸರ್ವರ್ ಮುಟ್ಟೋ ಮುಂಚೆ ಕೇಳ್ಕೊಳ್ತೀನಿ: ಬಿರಡೆ ಕೈಯಲ್ಲಿದೆಯಾ?