ನನ್ನ ವರ್ಷದ ಪಟ್ಟಿ: ಸಿನಿಮಾದ ಆಚೆಯ ಹಾಡುಗಳು

ಪ್ರತಿ ಡಿಸೆಂಬರ್ ಕೊನೆಗೆ ಪುಣೆಯ ಐಟಿ ಕಂಪನಿಯಲ್ಲಿರುವ ನನ್ನ ಸೋದರಳಿಯ ವಾಟ್ಸಾಪಿಗೆ ಒಂದು ಪಟ್ಟಿ ಕಳಿಸುತ್ತಾನೆ. ಆ ವರ್ಷದ ಅತ್ಯುತ್ತಮ ‘ಇಂಡಿ’ ಆಲ್ಬಮ್‌ಗಳ ಪಟ್ಟಿ. ಅದರಲ್ಲಿ ಹತ್ತಕ್ಕೆ ಒಂಬತ್ತು ಹೆಸರು ನನಗೆ ಓದಲಿಕ್ಕೇ ಬರುವುದಿಲ್ಲ. ಈ ಸಲ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು. “ಮಾಮಾ, ನಿಮ್ದೂ ಒಂದು ಲಿಸ್ಟ್ ಕಳಸ್ರಿ.” ಚೇಷ್ಟೆಗೆ ಬರೆದಿರಬೇಕು. ಆದರೆ ಮಾಸ್ತರನಿಗೆ ಹೋಮ್‌ವರ್ಕ್ ಕೊಟ್ಟರೆ ಬಿಡುತ್ತಾನೆಯೇ?

ಜತ್ತ ತಾಲೂಕಿನವರಿಗೆ ಇಂಡಿ ಎಂದರೆ ಗಡಿ ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಇಂಡಿ, ನಿಂಬೆಹಣ್ಣಿನ ಊರು. ಅಳಿಯ ಹೇಳುವ ಇಂಡಿ ಬೇರೆ. ಅದು ‘ಇಂಡಿಪೆಂಡೆಂಟ್’ ಎಂಬುದರ ಮೋಟು ರೂಪ. ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರೇ ಮಾಡಿ, ತಾವೇ ಮಾರುವ ಸಂಗೀತ. 1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಬಝ್‌ಕಾಕ್ಸ್ ಎಂಬ ತಂಡದ ಹುಡುಗರು ಗೆಳೆಯರು, ಮನೆಯವರ ಹತ್ತಿರ ಸುಮಾರು 500 ಪೌಂಡ್ ಕೈಗಡ ತೆಗೆದುಕೊಂಡು ನಾಲ್ಕು ಹಾಡಿನ ತಟ್ಟೆಯನ್ನು ತಾವೇ ಹೊರತಂದರು. ಮೊದಲು ಹಾಕಿಸಿದ್ದು 1000 ಪ್ರತಿ. ಆಮೇಲೆ ಅದನ್ನು ನೋಡಿ ಎಷ್ಟೋ ಜನ ಅದೇ ದಾರಿ ಹಿಡಿದರು.

ನನ್ನ ಪಟ್ಟಿಯಲ್ಲಿ ಈ ವರ್ಷ ಬಿಡುಗಡೆಯಾದದ್ದು ಕಡಿಮೆ. ನಮ್ಮ ಕಡೆ ಮಳೆಯೂ ತಡವಾಗಿ ಬರುತ್ತದೆ, ಹಾಡೂ ತಡವಾಗಿ ಬರುತ್ತದೆ. ಈ ವರ್ಷ ನಾನು ಮತ್ತು ನಮ್ಮ ಶಾಲೆಯ ಐದರಿಂದ ಏಳನೆಯ ಇಯತ್ತೆಯ ಮಕ್ಕಳು ‘ಆನಂದದಾಯಿ ಶನಿವಾರ’ದಂದು ಕೂಡಿ ಕೇಳಿದ್ದನ್ನು ಬರೆಯುತ್ತಿದ್ದೇನೆ. ಲೋಕವರ್ಗಣಿಯಿಂದ ಕೊಂಡ ಒಂದು ಸ್ಪೀಕರ್, ನನ್ನ ಮೊಬೈಲು. ಅಷ್ಟೇ ನಮ್ಮ ಸಾಮಗ್ರಿ. ಸಿನಿಮಾ ಹಾಡು ಬೇಡ ಎಂಬ ಒಂದೇ ನಿಯಮ. ಸಿನಿಮಾ ಹಾಡಿನ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಕೇಳದೆಯೂ ಕಿವಿಗೆ ಬೀಳುತ್ತದೆ, ಅದಕ್ಕೆ.

1. ಸಿ. ಅಶ್ವತ್ಥ್ ಅವರ ಶರೀಫರ ಪದಗಳು

ಕನ್ನಡದಲ್ಲಿ ಸಿನಿಮಾದ ಆಚೆಗೂ ಹಾಡಿನ ಸುರುಳಿ ಮಾಡಬಹುದು ಎಂದು ತೋರಿಸಿದ್ದು 1978ರ ‘ನಿತ್ಯೋತ್ಸವ’. ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಆ ದಾರಿಯಲ್ಲಿ ಬಂದವು ಅಶ್ವತ್ಥರ ಶರೀಫ ಕ್ಯಾಸೆಟ್ಟುಗಳು. ಆಗಿನ ಬಿಜಾಪುರದಲ್ಲಿ ಟಿಸಿಎಚ್ ಓದುವಾಗ ನಮ್ಮ ರೂಮಿನಲ್ಲಿ ಒಂದು ಕ್ಯಾಸೆಟ್ ಇತ್ತು. ಟೇಪು ಜೋಲು ಬಿದ್ದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಈ ವರ್ಷ ಅದನ್ನೇ ಮೊಬೈಲಿನಲ್ಲಿ ಹುಡುಕಿ ಮಕ್ಕಳಿಗೆ ಕೇಳಿಸಿದೆ.

ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರಿಕೆಯನ್ನೂ ಮಾಡಿದ್ದರು ಎಂದಾಗ ಮಕ್ಕಳಿಗೆ ಭಾಳ ಖುಷಿ. “ನಿಮ್ಮಂಗ ಏನ್ರಿ ಸರ?” ಎಂದು ಒಬ್ಬಳು ಕೇಳಿದಳು. ನನ್ನಂಗ ಮಾಸ್ತರ ಹೌದು, ಪದ ಬರೆಯುವುದರಲ್ಲಿ ಅಲ್ಲ ಎಂದೆ. ಅವರು ಗುಡುಗುಡಿಯ ಮೇಲೆ, ಸೋರುವ ಮಾಳಿಗೆಯ ಮೇಲೆ, ಆಗ ಹೊಸದಾಗಿ ಬಂದಿದ್ದ ಗಿರಣಿಯ ಮೇಲೂ ಪದ ಕಟ್ಟಿದವರು. ಕಣ್ಣಿಗೆ ಕಂಡದ್ದೆಲ್ಲ ಪದ ಆಗಬಹುದು ಎಂಬ ಪಾಠ ಇದರಲ್ಲಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್, 2008

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ, ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರು. ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ತಮ್ಮದೇ ಸಣ್ಣ ಸಂಸ್ಥೆಯಿಂದ ಈ ಆಲ್ಬಮ್ ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಗುಡುಗುಡಿ ಪದವೂ ಮಾಳಿಗಿ ಪದವೂ ಇವೆ. 2010ರಲ್ಲಿ ಇವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2013ರ ‘ಜಗ್ ಚಂಗಾ’ದಲ್ಲೂ ಶರೀಫರನ್ನು ಬಿಡಲಿಲ್ಲ.

ಅಶ್ವತ್ಥರದ್ದು ಕೇಳಿಸಿದ ಮರು ಶನಿವಾರ ಇದನ್ನು ಹಚ್ಚಿದೆ. ಅವೇ ಪದ, ಡ್ರಮ್ಮು ಗಿಟಾರು ಕೂಡಿದ್ದವು. ಹಿಂದಿನ ಸಾಲಿನ ಹುಡುಗರು ಕುಣಿಯಲು ಎದ್ದರು. ಏಳನೆಯ ಇಯತ್ತೆಯ ಒಬ್ಬ ಹುಡುಗ ಮಾತ್ರ ಕೂತೇ ಇದ್ದ. ತರಗತಿಯಲ್ಲಿ ಬಾಯಿ ಬಿಡದವನು. ಹಾಡು ಮುಗಿದ ಮೇಲೆ ಮೆಲ್ಲಗೆ ಅಂದ: “ಸರ, ಈ ಪದಾ ನಮ್ಮ ಮುತ್ಯಾ ಹಾಡತಾನ್ರಿ. ಆದ್ರ ಹಿಂಗ ಅಲ್ರಿ.”

ಮತ್ತೆ ಹೆಂಗ ಎಂದು ಕೇಳಿದರೆ ನೆಲ ನೋಡಿದ. ಆ ಮುತ್ಯಾನ ವಿಷಯ ಕೊನೆಗೆ ಹೇಳುತ್ತೇನೆ.

3. ಸ್ವರಾತ್ಮ, 2009

ಬೆಂಗಳೂರಿನ ತಂಡ. ಮುಂದೆ ನಿಂತು ಹಾಡಿದವರು ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತ್. ತಂಡದ ಹೆಸರೇ ಆಲ್ಬಮ್ಮಿಗೂ ಇದೆ. ಹೆಚ್ಚಿನವು ಹಿಂದಿ ಹಾಡು, ನಡುವೆ ‘ಈ ಭೂಮಿ’ ಎಂಬ ಕನ್ನಡ ಹಾಡು. “ಒಂದೇ ಕ್ಯಾಸೆಟ್ಟಿನಾಗ ಎರಡು ಭಾಷಾ ಹೆಂಗ್ರಿ?” ಎಂದು ಪೇಟೆಯವರು ಕೇಳಿಯಾರು. ನಮ್ಮ ಮಕ್ಕಳು ಕೇಳಲಿಲ್ಲ. ಮನೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಅವರ ದಿನವೇ ಈ ಆಲ್ಬಮ್ಮಿನ ಹಾಗಿದೆ.

ಹೇಳಬೇಕೆಂದರೆ ಈ ಕೆಲಸವನ್ನು ನಮ್ಮ ಗವಾಯಿಗಳು ಮೊದಲೇ ಮಾಡಿದ್ದರು. ಗದಗ ನೆಲದ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಒಂದೇ ಕಂಠದಿಂದ ಹಾಡಿದರು. ಅವರು ಹೊರಗಿನವರು ಎಂದು ಮರಾಠಿಗರು ಅನ್ನಲಿಲ್ಲ, ದೂರ ಹೋದರು ಎಂದು ಕನ್ನಡಿಗರೂ ಅನ್ನಲಿಲ್ಲ. ಗಡಿ ತಂಟೆ ನಕಾಶೆಯಲ್ಲಿ ಇದ್ದಷ್ಟು ಕಿವಿಯಲ್ಲಿ ಇಲ್ಲ ನೋಡಿ.

4. ‘ಮುಂಗ್’, 2000

ಇದೊಂದು ಅಳಿಯನ ಪಟ್ಟಿಯಿಂದ ಎತ್ತಿಕೊಂಡದ್ದು. ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅಲ್ಲಿನವರ ಭಾಷೆ ವೆಲ್ಷ್, ಅಕ್ಕಪಕ್ಕವೆಲ್ಲ ಇಂಗ್ಲಿಷಿನ ದರಬಾರು. ‘ಸೂಪರ್ ಫರ್ರಿ ಅನಿಮಲ್ಸ್’ ಎಂಬ ತಂಡ ಮೊದಲು ಇಂಗ್ಲಿಷಿನಲ್ಲಿ ಹಾಡಿ ಹೆಸರು ಮಾಡಿತ್ತು. ಆಮೇಲೆ ಪೂರಾ ವೆಲ್ಷ್ ಭಾಷೆಯಲ್ಲೇ ಈ ಆಲ್ಬಮ್ ಮಾಡಿ ತಮ್ಮದೇ ಸಂಸ್ಥೆಯಿಂದ ಹೊರತಂದರು. ‘ಮುಂಗ್’ ಎಂದರೆ ಕುದುರೆಯ ಕತ್ತಿನ ಜೂಲು. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಅದು 11ನೆಯ ಸ್ಥಾನಕ್ಕೆ ಬಂತು, ಅಲ್ಲಿನ ಪಾರ್ಲಿಮೆಂಟಿನಲ್ಲೂ ಅದರ ಪ್ರಸ್ತಾಪವಾಯಿತು.

ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಮಕ್ಕಳಿಗೂ ತಿಳಿಯಲಿಲ್ಲ. ಆದರೆ “ಅವರಿಗೆ ಇಂಗ್ಲಿಷ್ ಬರ್ತಿತ್ತು, ಆದ್ರೂ ತಮ್ಮ ಮಾತಿನಾಗ ಹಾಡ್ಯಾರ” ಎಂದು ನಾನು ಹೇಳಿದಾಗ ವರ್ಗ ಸ್ವಲ್ಪ ಹೊತ್ತು ಸುಮ್ಮನಿತ್ತು. ಪಾಲಕರು ದಾಖಲೆಗೆ ಬಂದಾಗ ನನಗೆ ಕೇಳುವ ಪ್ರಶ್ನೆ ನಿಮಗೆಲ್ಲ ಗೊತ್ತಿದೆ. “ಕನ್ನಡ ಕಲತು ಏನ್ ಮಾಡೂದ್ರಿ ಸರ?” ಅದಕ್ಕೆ ನಾನು ಹೇಳುವ ಉತ್ತರಗಳೂ ನಿಮಗೆ ಗೊತ್ತಿವೆ. ಮುಂದಿನ ಸಲ ಈ ಹಾಡುಗಳ ಕಥೆಯನ್ನೂ ಹೇಳಬೇಕೆಂದಿದ್ದೇನೆ.

5. ಹೆಸರಿಲ್ಲದ ಆಲ್ಬಮ್: ಕಬ್ಬಿನ ಟ್ರ್ಯಾಕ್ಟರಿನ ಹಾಡುಗಳು

ಈಗ ಮಕ್ಕಳ ಪಟ್ಟಿಗೆ ಬರೋಣ. ದೀಪಾವಳಿಯ ಸುಮಾರಿಗೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಜನ ಕಬ್ಬು ಕಡಿಯಲು ಕೃಷ್ಣಾ ದಂಡೆಯ ಕಡೆ ಹೋಗುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಸೌಂಡ್ ಬಾಕ್ಸು, ಅದರಲ್ಲಿ ‘ಉತ್ತರ ಕರ್ನಾಟಕ ಜಾನಪದ’ ಎಂದು ಯೂಟ್ಯೂಬಿನಲ್ಲಿ ಬರುವ ಹಾಡುಗಳು. ಮಾಳು ನಿಪನಾಳ, ಬಾಳು ಬೆಳಗುಂದಿ, ಪರಸು ಕೋಲೂರ. ಈ ಹೆಸರುಗಳು ಮಕ್ಕಳಿಗೆ ಪಾಠದ ಪದ್ಯಕ್ಕಿಂತ ಚೆನ್ನಾಗಿ ಬಾಯಿಪಾಠ. ಬಾಳು ಬೆಳಗುಂದಿ ಜೀ ಕನ್ನಡದ ಸರಿಗಮಪ ವೇದಿಕೆ ಹತ್ತಿದರು. ಮಾಳು ನಿಪನಾಳ 2025ರಲ್ಲಿ ಕನ್ನಡ ಬಿಗ್‌ಬಾಸಿನ 12ನೇ ಆವೃತ್ತಿಗೆ ಹೋದರು.

ಇಂಡಿ ಎಂದರೆ ಇದೇ ಅಲ್ಲವೇ? ಸಣ್ಣ ಸ್ಟುಡಿಯೋ, ಊರಿನದೇ ಕವಿ, ಗೆಳೆಯನದೇ ಕ್ಯಾಮೆರಾ. ಬೆಂಗಳೂರಿನ ಯಾರ ಅಪ್ಪಣೆಯೂ ಬೇಕಿಲ್ಲ. ಮ್ಯಾಂಚೆಸ್ಟರಿನ ಹುಡುಗರು 500 ಪೌಂಡಿನಲ್ಲಿ ಮಾಡಿದ್ದನ್ನು ಇವರು ತಮ್ಮ ರೀತಿಯಲ್ಲಿ ಮಾಡುತ್ತಿದ್ದಾರೆ.

ಸಾಹಿತ್ಯ ಎಲ್ಲವೂ ಒಳ್ಳೆಯದಲ್ಲ. ಕೆಲವು ಹಾಡು ಹೆಣ್ಣುಮಕ್ಕಳ ಮುಂದೆ ಹಚ್ಚುವಂಥವಲ್ಲ. ಆದರೂ ಇವನ್ನು ನನ್ನ ಪಟ್ಟಿಗೆ ಸೇರಿಸಲು ಒಂದು ಕಾರಣವಿದೆ. ನಮ್ಮ ಮಗು ‘ಹೋಗ್ಯಾನ’, ‘ಬಂದಾಳ’ ಎಂದು ಬರೆದರೆ ನಾನು ಕೆಂಪು ಪೆನ್ನಿನಿಂದ ತಿದ್ದುತ್ತೇನೆ. ತಿದ್ದಲೇಬೇಕು, ಪರೀಕ್ಷೆಗೆ ಗ್ರಾಂಥಿಕ ಕನ್ನಡ ಬೇಕು. ಬಾಲಭಾರತಿಯ ಪುಸ್ತಕದಲ್ಲಿ ಅವರ ಮಾತಿಲ್ಲ. ಸಿನಿಮಾದಲ್ಲಿ ಅವರ ಮಾತು ಬಂದರೆ ಹೆಚ್ಚಾಗಿ ನಗಿಸುವವನ ಬಾಯಲ್ಲಿ ಬರುತ್ತದೆ. ಇತ್ತ ಸಂತೆಯಲ್ಲಿ ಮರಾಠಿ ಮಾತಾಡಿದರೆ “ಕಾನಡಿ ದಿಸತೋಯ” ಎಂದು ನಗುತ್ತಾರೆ. ಎರಡೂ ಕಡೆ ತಿದ್ದಿಸಿಕೊಂಡ ಮಗು ಕೊನೆಗೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಗಡಿ ಶಾಲೆಯ ಮಾಸ್ತರರಿಗೆ ಈ ಮೌನ ಪರಿಚಯವಿದೆ. ಟ್ರ್ಯಾಕ್ಟರಿನ ಹಾಡಿನಲ್ಲಿ ಮಾತ್ರ ಅವರದೇ ಮಾತು, ಅದೇ ರಾಗ ಎಳೆತ, ಅಷ್ಟು ದೊಡ್ಡ ದನಿಯಲ್ಲಿ.

ಈ ವರ್ಷದ ಗ್ಯಾದರಿಂಗಿಗೆ ಮಕ್ಕಳು ಮಾಳು ನಿಪನಾಳರ ಡ್ರೈವರ್ ಹಾಡಿಗೆ ಕುಣಿಯುತ್ತೇವೆ ಎಂದು ಹಟ ಹಿಡಿದರು. ನಮ್ಮ ಸಹಶಿಕ್ಷಕರಲ್ಲಿ ಎರಡು ಪಕ್ಷವಾಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಡೊಳ್ಳಿನ ಬಡಿತ ಅದೇ ಇರಲಿ, ಮಾತು ಮಕ್ಕಳೇ ಕಟ್ಟಲಿ. ಶರೀಫರು ಗಿರಣಿಯ ಮೇಲೆ ಕಟ್ಟಿದರು, ನೀವು ಯಾವುದರ ಮೇಲೆ ಕಟ್ಟುತ್ತೀರಿ ಎಂದು ಕೇಳಿದೆ. ಹೆಣ್ಣುಮಕ್ಕಳ ಸಾಲಿನಿಂದ ಉತ್ತರ ಬಂತು: “ಟ್ಯಾಂಕರ್ ಮ್ಯಾಲ್ರಿ.” ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಓಡುವವರು ಅವರೇ ತಾನೇ.

ಟ್ಯಾಂಕರ ಬಂತ ಓಡಬೇ ಯವ್ವಾ,
ಕೊಡಾ ತುಂಬೂದ್ರಾಗ ಶಾಳಿ ಗಂಟಿ ಆತವ್ವಾ.

ಹೀಗೆ ಶುರುವಾಗಿ ಎಂಟು ನುಡಿ ಆಯಿತು. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಗ್ಯಾದರಿಂಗಿನ ದಿನ ಹಾಡು ಮುಗಿದಾಗ ಹಿಂದೆ ನಿಂತಿದ್ದ ತಾಯಂದಿರು ಸೀಟಿ ಹೊಡೆದದ್ದನ್ನು ನನ್ನ ನೌಕರಿಯಲ್ಲಿ ಮೊದಲ ಸಲ ನೋಡಿದೆ.

ಪಟ್ಟಿಯ ಹೊರಗೆ, ಎಲ್ಲದಕ್ಕಿಂತ ಮೇಲೆ

ಆ ಹುಡುಗನ ಮುತ್ಯಾನನ್ನು ಒಂದು ಶನಿವಾರ ಶಾಲೆಗೆ ಕರೆಸಿದೆ. ಮಠದಲ್ಲಿ ಅಮಾವಾಸ್ಯೆಗೊಮ್ಮೆ ಭಜನೆ ಹಾಡುವವರು. ಒಂದು ಕಾಲಕ್ಕೆ ಒಂಬತ್ತು ಜನರ ಮೇಳ, ಈಗ ನಾಲ್ವರೇ. “ನಾ ಶಾಳಿ ಮೆಟ್ಟಲಾ ಹತ್ತಿದಾಂವ ಅಲ್ರಿ ಗುರೂಜಿ, ಇಲ್ಲಿ ಕೂತು ಹೆಂಗ ಹಾಡ್ಲಿ?” ಎಂದರು. ಮೊಮ್ಮಗ ದಮ್ಮಡಿ ತಂದು ಕೈಗೆ ಕೊಟ್ಟ.

ಮೂರು ಪದ ಹಾಡಿದರು. ಒಂದು ಶರೀಫರದು. ಅಶ್ವತ್ಥರ ಧಾಟಿಯೂ ಅಲ್ಲ, ರಘು ದೀಕ್ಷಿತರ ಧಾಟಿಯೂ ಅಲ್ಲ, ನಡುವೆ ನಿಂತು ಅರ್ಥ ಹೇಳಿ ಮತ್ತೆ ಎತ್ತಿಕೊಳ್ಳುವ ಹಳೆಯ ರೀತಿ. ಇನ್ನೊಂದು ಕಡಕೋಳ ಮಡಿವಾಳಪ್ಪನವರದು. ಮೂರನೆಯದು ತುಕಾರಾಮರ ಅಭಂಗ, ಮರಾಠಿಯಲ್ಲೇ. ಪಂಢರಪುರದ ದಾರಿ ನಮಗೆ ದೂರವೇನಲ್ಲ. ತರಗತಿಯಲ್ಲಿ ಬಾಯಿ ಬಿಡದ ಮೊಮ್ಮಗ ಮುತ್ಯಾನ ಹಿಂದೆ ಕೂತು ತಾಳ ಹಾಕುತ್ತ ಎತ್ತರದ ದನಿಯಲ್ಲಿ ಹಿಮ್ಮೇಳ ಹಾಡಿದ. ಅವನಿಗೆ ಅವೆಲ್ಲ ಪೂರಾ ಬರುತ್ತಿದ್ದವು.

ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. 22 ನಿಮಿಷ. ನಡುವೆ ಕೋಳಿ ಕೂಗಿದೆ, ಯಾರೋ ಕೆಮ್ಮಿದ್ದಾರೆ. ಈ ವರ್ಷ ನಾನು ಹೆಚ್ಚು ಸಲ ಕೇಳಿದ್ದು ಇದನ್ನೇ.

ಬರುವ ಜೂನಿಗೆ ಆ ಹುಡುಗ ಎಂಟನೆಯ ಇಯತ್ತೆಗೆ ಮರಾಠಿ ಹೈಸ್ಕೂಲಿಗೆ ಹೋಗುತ್ತಾನೆ. ಮನೆಯವರ ತೀರ್ಮಾನ, ಅವರ ಕಷ್ಟ ಅವರಿಗೆ. ಅವನು ಅಲ್ಲಿಯೂ ಚೆನ್ನಾಗಿ ಕಲಿಯಲಿ. ನಮ್ಮ ಪುಸ್ತಕಗಳನ್ನು ಅವನು ಮರಳಿಸಿ ಹೋಗುತ್ತಾನೆ, ಪದಗಳನ್ನು ಮರಳಿಸುವುದಿಲ್ಲ.

ಗಡಿ ಶಾಲೆಗಳ ಮಾಸ್ತರರೇ, ಬಾಯಂದಿರೇ, ನಿಮ್ಮ ಶಾಲೆಯ ಹಿಂದಿನ ಸಾಲಿನಲ್ಲೂ ಇಂಥ ಮೊಮ್ಮಗ ಇದ್ದಾನು. ಒಂದು ಶನಿವಾರ ಅವನ ಮುತ್ಯಾನನ್ನೋ ಆಯಿಯನ್ನೋ ಕರೆಸಿ. ರೆಕಾರ್ಡ್ ಮಾಡುವಾಗ ಮೊದಲು ಅವರ ಹೆಸರು, ಊರು, ತಾರೀಕು ಅವರ ಬಾಯಿಂದಲೇ ಹೇಳಿಸಿ. ಪದ ಯಾರಿಂದ ಕಲಿತರು ಎಂದೂ ಕೇಳಿ. ಮೊಬೈಲು ಕೆಡುತ್ತದೆ, ಇನ್ನೊಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ ಇಡಿ. ಬರುವ ಡಿಸೆಂಬರಿಗೆ ನಮ್ಮ ಪಟ್ಟಿಗಳನ್ನು ಕೂಡಿಸಿ ನೋಡೋಣ.